ಹೆಸರೆಂಬ ಬಂಡವಾಳ

ಸುಗ್ಗಿ ಮುಗಿದು, ಕಣದ ಕೆಲಸ ತೀರಿ, ಗ್ರಾಮದೇವತೆಯ ಹಬ್ಬಗಳು ಸಮೀಪಿಸಿತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ ಆರಂಭವಾಗುತ್ತದೆ. ರಾತ್ರಿ ಪರದೆ ಮೇಲೆದ್ದರೆ ‘ಕುರುಕ್ಷೇತ್ರ’ವು ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಹಗಲು ರಾಗಿ ಬೆಳೆಯುವವನು, ರೇಷ್ಮೆ ಹುಳು ಸಾಕುವವನು, ಬೊಂಬೆಗೆ ಅರಗಿನ ಬಣ್ಣ ಹಚ್ಚುವವನು ಅಂದು ಕಿರೀಟ ಧರಿಸಿ ದುರ್ಯೋಧನನೋ ಭೀಮನೋ ಆಗುತ್ತಾನೆ. ಇಲ್ಲಿ ಒಂದು ವಿಶೇಷವುಂಟು. ಪಾತ್ರಧಾರಿಗೆ ಸಂಭಾವನೆ ದೊರೆಯುವುದಿಲ್ಲ; ಪಾತ್ರದ ಹಿರಿಮೆಗೆ ತಕ್ಕಂತೆ ಅವನೇ ಹಣ ತೆರುತ್ತಾನೆ. ಹಾರ್ಮೋನಿಯಂ ಮೇಷ್ಟರು, ಸೀನರಿ, ಉಡುಪು, ದೀಪ, ಧ್ವನಿವರ್ಧಕ, ಪಟ್ಟಣಗಳಿಂದ ಬರುವ ನಟಿಯರು—ಇವರೆಲ್ಲರ ವೆಚ್ಚ ಆ ಹಣದಿಂದಲೂ ದಾನಿಗಳ ನೆರವಿನಿಂದಲೂ ಸಾಗಬೇಕು. ಇವೆಲ್ಲವನ್ನೂ ಒಂದು ರಾತ್ರಿಗೆ ಒಂದೆಡೆ ಕೂಡಿಸುವವನೇ ನಾಟಕದ ವ್ಯವಸ್ಥಾಪಕ. ಅವನಿಗೆ ಕಚೇರಿಯಿಲ್ಲ, ಯಂತ್ರವಿಲ್ಲ, ಹೇಳಿಕೊಳ್ಳುವಂಥ ದುಡ್ಡೂ ಇಲ್ಲ. ಅವನ ಬಂಡವಾಳವೆಲ್ಲವೂ ಅವನ ಹೆಸರು. ಈ ಬಂಡವಾಳದ ಸ್ವರೂಪವನ್ನು ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾವು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಚನ್ನಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ನಾಟಕ. ರಾತ್ರಿ ಎಂಟು ಗಂಟೆ. ಜನ ಚಾಪೆ ಹಾಸಿಕೊಂಡು ಕುಳಿತಾಗಿದೆ. ಆದರೆ ದ್ರೌಪದಿಯ ಪಾತ್ರಕ್ಕೆ ಒಪ್ಪಿ ಮುಂಗಡ ಪಡೆದಿದ್ದ ನಟಿ ಬಂದಿಲ್ಲ. ವ್ಯವಸ್ಥಾಪಕನು ದೂರವಾಣಿಯಲ್ಲಿ ಇನ್ನೊಬ್ಬಾಕೆಯನ್ನು ಕರೆಯುತ್ತಾನೆ. ಆಕೆ ಅವನನ್ನು ಹಿಂದೆ ಕಂಡದ್ದು ಎರಡೇ ಬಾರಿ. ಆದರೂ “ಆಯಿತಣ್ಣಾ, ಬರುತ್ತೇನೆ” ಎಂದು, ಬಿಡಿಗಾಸಿನ ಮುಂಗಡವನ್ನೂ ಕೇಳದೆ, ಒಂದು ಗಂಟೆಯೊಳಗೆ ಬಂದು ಬಣ್ಣ ಹಚ್ಚಿಕೊಳ್ಳುತ್ತಾಳೆ. ಅಪರಿಚಿತ ಊರು, ಅಪರಾತ್ರಿ, ಕೈಯಲ್ಲಿ ಹಣವಿಲ್ಲ. ಆಕೆ ಯಾವ ಧೈರ್ಯದಿಂದ ಬಂದಳು?

ನಮ್ಮ ರೈತರು ಬಲ್ಲ ಒಂದು ಪದ್ಧತಿ ಮುಯ್ಯಾಳು. ಇಂದು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲದಲ್ಲಿ ದುಡಿಯಬೇಕು. ಇದನ್ನು ವಿಜ್ಞಾನಿಗಳು ನೇರ ಪ್ರತ್ಯುಪಕಾರ ಎಂದು ಕರೆಯುತ್ತಾರೆ. ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಗಣಕಯಂತ್ರಗಳ ಮೇಲೆ ಒಂದು ಪಂದ್ಯವನ್ನು ಏರ್ಪಡಿಸಿದರು. ಬೇರೆ ಬೇರೆ ವಿದ್ವಾಂಸರು ರಚಿಸಿದ ತಂತ್ರಗಳು ಒಂದಕ್ಕೊಂದು ಎದುರಾಗಿ ಹಲವು ಸಲ ಆಡಬೇಕು. ಪ್ರತಿಸಲವೂ ಸಹಕರಿಸಬಹುದು ಅಥವಾ ವಂಚಿಸಬಹುದು. ಗೆದ್ದದ್ದು ಅತ್ಯಂತ ಸರಳವಾದ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಾಳಿ ಮಾಡಿದ್ದನ್ನೇ ಮಾಡು. ಇದು ನಮ್ಮ ಮುಯ್ಯಾಳಿನ ನ್ಯಾಯವೇ ಅಲ್ಲವೆ?

ಆದರೆ ಮುಯ್ಯಾಳಿನ ನ್ಯಾಯ ಆ ನಟಿಯ ನಡತೆಯನ್ನು ವಿವರಿಸಲಾರದು. ಅವಳಿಗೂ ವ್ಯವಸ್ಥಾಪಕನಿಗೂ ಹಿಂದಿನ ಲೆಕ್ಕವೇನೂ ಇಲ್ಲ. ಇಲ್ಲಿ ಕೆಲಸ ಮಾಡುವುದು ಪರೋಕ್ಷ ಪ್ರತ್ಯುಪಕಾರ. ಅವನು ಕನಕಪುರದ ಕಲಾವಿದೆಯೊಬ್ಬಳಿಗೆ ಹೇಳಿದ ಹಣವನ್ನು ಹೇಳಿದ ಹೊತ್ತಿಗೆ ಕೊಟ್ಟ. ಆ ಸುದ್ದಿ ಮಾಗಡಿಯ ತಬಲಾದವನ ಬಾಯಿಂದ ಈಕೆಯ ಕಿವಿಗೆ ಬಿದ್ದಿತು. ಈಕೆ ಅವನನ್ನು ನಂಬಿದಳು. ಉಪಕಾರ ಪಡೆದವರು ಒಬ್ಬರು, ಅದನ್ನು ತೀರಿಸಿದವರು ಇನ್ನೊಬ್ಬರು. ನಡುವೆ ಸೇತುವೆಯಾಗಿ ನಿಂತದ್ದು ಹೆಸರು.

1998ರಲ್ಲಿ ಮಾರ್ಟಿನ್ ನೋವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಎಂಬ ವಿಜ್ಞಾನಿಗಳು ಈ ಕ್ರಿಯೆಗೆ ಗಣಿತದ ರೂಪ ಕೊಟ್ಟರು. ಅವರು ತೋರಿಸಿದ ನಿಯಮ ಕಷ್ಟವಾದುದಲ್ಲ. ನೆರವಾಗುವವನಿಗೆ ತಗಲುವ ವೆಚ್ಚವನ್ನು, ನೆರವು ಪಡೆದವನಿಗೆ ಆಗುವ ಲಾಭದಿಂದ ಭಾಗಿಸಬೇಕು. ಎದುರಿನವನ ಹೆಸರು ನಮಗೆ ತಿಳಿದಿರುವ ಸಂಭವವು ಈ ಭಾಗಲಬ್ಧಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಪರೋಕ್ಷ ಪ್ರತ್ಯುಪಕಾರ ಬೇರೂರಬಲ್ಲುದು. ವೆಚ್ಚ 1, ಲಾಭ 4 ಎಂದಿಟ್ಟುಕೊಳ್ಳೋಣ. ಆಗ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಜನರಿಗೆ ಪರಸ್ಪರರ ನಡತೆ ಗೊತ್ತಿರಬೇಕು. ಸುದ್ದಿ ಹರಿಯದ ಕಡೆ ಸಜ್ಜನಿಕೆಗೆ ಫಲವಿಲ್ಲ ಎಂಬುದು ಇದರ ತಾತ್ಪರ್ಯ. 2000ದಲ್ಲಿ ವೆಡೆಕಿಂಡ್ ಮತ್ತು ಮಿಲಿನ್ಸ್ಕಿ ಎಂಬುವರು ವಿದ್ಯಾರ್ಥಿಗಳಿಗೆ ಹಣ ಕೊಟ್ಟು ನಡೆಸಿದ ಪ್ರಯೋಗದಲ್ಲಿಯೂ, ಇತರರಿಗೆ ಧಾರಾಳವಾಗಿ ಕೊಟ್ಟವರಿಗೆ ಬೇರೆಯವರಿಂದ ಹೆಚ್ಚು ದೊರೆಯಿತು.

ಇನ್ನು ವಂಚನೆಯ ಲೆಕ್ಕವನ್ನು ನೋಡೋಣ. ಉದಾಹರಣೆಗಾಗಿ, ವ್ಯವಸ್ಥಾಪಕನಿಗೆ ಒಂದು ನಾಟಕದಿಂದ 4,000 ರೂಪಾಯಿ ಉಳಿಯುವುದೆಂದೂ, ವರ್ಷಕ್ಕೆ ಐದು ನಾಟಕ ದೊರೆಯುವುದೆಂದೂ ಭಾವಿಸೋಣ. ಒಂದು ರಾತ್ರಿ ಅವನು ಕಲಾವಿದರಿಗೆ ಸಲ್ಲಬೇಕಾದ 10,000 ರೂಪಾಯಿಗಳನ್ನು ನುಂಗಿದನೆನ್ನಿ. ಸುದ್ದಿ ಹಬ್ಬಿ, ಐದು ಊರುಗಳಲ್ಲಿ ಎರಡು ಅವನನ್ನು ಕೈಬಿಟ್ಟವು. ವರ್ಷಕ್ಕೆ 8,000 ರೂಪಾಯಿ ನಷ್ಟ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ನುಂಗಿದ್ದಕ್ಕಿಂತ 6,000 ಹೆಚ್ಚಾಗಿ ಕಳೆದುಕೊಂಡಿರುತ್ತಾನೆ. ನಾಳೆಯೇ ಊರು ಬಿಡುವವನಿಗೆ ವಂಚನೆ ಲಾಭ. ಇದೇ ಸೀಮೆಯಲ್ಲಿ ಬಾಳಬೇಕಾದವನಿಗೆ ನಷ್ಟ. ಹೆಸರಿಗೆ ಬೆಲೆ ಬರುವುದು ನಾಳೆ ಎಂಬುದೊಂದು ಇರುವುದರಿಂದ.

ಹಾಗಾದರೆ ಒಬ್ಬನು ಎಷ್ಟು ಮಂದಿಯೊಡನೆ ಸ್ನೇಹವನ್ನು ಉಳಿಸಿಕೊಳ್ಳಬಲ್ಲನು? ಇಂಗ್ಲೆಂಡಿನ ರಾಬಿನ್ ಡನ್‌ಬಾರ್ 1992ರಲ್ಲಿ ಕೋತಿ, ವಾನರಗಳ ಮೆದುಳಿನ ಹೊರಪದರದ ಪ್ರಮಾಣವನ್ನೂ ಅವುಗಳ ಗುಂಪಿನ ಗಾತ್ರವನ್ನೂ ಹೋಲಿಸಿದರು. ಅದೇ ಸೂತ್ರವನ್ನು ಮನುಷ್ಯನಿಗೆ ಅನ್ವಯಿಸಿದಾಗ ಬಂದ ಸಂಖ್ಯೆ ಸುಮಾರು 150. ಈ ಸಂಖ್ಯೆಯನ್ನು ಎಲ್ಲರೂ ಒಪ್ಪಿಲ್ಲ. 2021ರಲ್ಲಿ ಸ್ವೀಡನ್ನಿನ ಸಂಶೋಧಕರು, ಇಂಥ ಲೆಕ್ಕದಿಂದ ಖಚಿತವಾದ ಮಿತಿಯೊಂದನ್ನು ಪಡೆಯಲಾಗದೆಂದು ತೋರಿಸಿದರು. ಆದರೂ ಯಾವುದೋ ಒಂದು ಮಿತಿ ಇದೆಯೆಂಬುದು ಅನುಭವಸಿದ್ಧ. ನಾಲ್ಕು ತಾಲ್ಲೂಕುಗಳ ಪಾತ್ರಧಾರಿಗಳು, ವಾದ್ಯಗಾರರು, ಸೀನರಿಯವರು, ದೇವಸ್ಥಾನದ ಯಜಮಾನರು, ದಾನಿಗಳು—ಇವರನ್ನೆಲ್ಲ ಎಣಿಸಿದರೆ ವ್ಯವಸ್ಥಾಪಕನ ಬಳಗ ನೂರೈವತ್ತನ್ನು ಸುಲಭವಾಗಿ ದಾಟುತ್ತದೆ. ಅಂತೆಯೇ ಅವನ ಬಹುಪಾಲು ಪರಿಚಯಗಳು ತೆಳುವಾದವು.

ಈ ತೆಳು ಪರಿಚಯಗಳು ನಿಷ್ಪ್ರಯೋಜಕವೆಂದು ತಿಳಿಯಲಾಗದು. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಿತರ ಮೂಲಕ ಉದ್ಯೋಗ ಪಡೆದವರನ್ನು ವಿಚಾರಿಸಿದರು. ಪದೇ ಪದೇ ಭೇಟಿಯಾಗುವ ಆಪ್ತರಿಂದ ಕೆಲಸದ ಸುದ್ದಿ ತಿಳಿದವರು ಶೇಕಡಾ 16.7 ಮಾತ್ರ, ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ತಿಳಿದವರು ಶೇಕಡಾ 55.6, ಅಪರೂಪಕ್ಕೆ ಕಾಣುವವರಿಂದ ಶೇಕಡಾ 27.8. ಆಪ್ತರು ನಮಗೆ ತಿಳಿದದ್ದನ್ನೇ ತಿಳಿದಿರುತ್ತಾರೆ. ದೂರದ ಪರಿಚಿತರು ಬೇರೊಂದು ಲೋಕದ ಸುದ್ದಿ ತರುತ್ತಾರೆ. ವ್ಯವಸ್ಥಾಪಕನು ಮದುವೆ, ತಿಥಿ, ಜಾತ್ರೆ ಯಾವುದನ್ನೂ ಬಿಡದೆ ಹೋಗಿ ಎರಡು ಮಾತಾಡಿ ಬರುವುದು ಬರಿಯ ಒಣ ಮರ್ಯಾದೆಗಲ್ಲ.

ಆದರೆ ಸುದ್ದಿಗೆ ಒಂದು ದುರ್ಗುಣವಿದೆ: ಅದು ಸುಳ್ಳಾಗಿರಬಹುದು. 2007ರಲ್ಲಿ ಜರ್ಮನಿಯ ಸಂಶೋಧಕರು ನಡೆಸಿದ ಪ್ರಯೋಗವೊಂದರಲ್ಲಿ ಆಟಗಾರರಿಗೆ ಎದುರಾಳಿಯ ನಿಜವಾದ ನಡತೆಯ ದಾಖಲೆ ಕಣ್ಣೆದುರಿಗೇ ಇತ್ತು. ಜೊತೆಗೆ ಅವನ ವಿಷಯವಾಗಿ ಒಂದು ಗಾಳಿಮಾತನ್ನೂ ತಿಳಿಸಲಾಗಿತ್ತು. ದಾಖಲೆ ಕೈಯಲ್ಲಿದ್ದಾಗಲೂ ಗಾಳಿಮಾತು ಅವರ ತೀರ್ಮಾನವನ್ನು ವಾಲಿಸಿತು!

ನಮ್ಮ ಕಥೆಯ ಮೊದಲ ನಟಿಯನ್ನು ಈಗ ನೆನೆಯೋಣ. “ಮುಂಗಡ ತೆಗೆದುಕೊಂಡು ಕೈಕೊಟ್ಟಳು” ಎಂಬ ಮಾತು ಬೆಳಗಾಗುವುದರೊಳಗೆ ನಾಲ್ಕು ಊರು ದಾಟುತ್ತದೆ. ರಾತ್ರಿಯ ರಂಗದಲ್ಲಿ ದುಡಿಯುವ ಹೆಂಗಸಿನ ವಿಷಯದಲ್ಲಿ ಜನರ ನಾಲಗೆ ಇನ್ನೂ ಹರಿತ. ಅದೇ ರಂಗದ ಮೇಲೆ ಅದೇ ರಾತ್ರಿ ಕುಣಿದ ಗಂಡಸಿಗೆ ಶಾಲು, ನೋಟಿನ ಹಾರ. ಹೆಂಗಸಿಗೆ ಕುಹಕದ ನೋಟ. ಆಕೆ ಬಾರದಿದ್ದುದು ಮಗುವಿಗೆ ಜ್ವರ ಏರಿದ್ದರಿಂದ ಎಂದಿಟ್ಟುಕೊಳ್ಳೋಣ. ‘ಬಂದಳೆ, ಬಾರಲಿಲ್ಲವೆ’ ಎಂಬುದನ್ನಷ್ಟೇ ಎಣಿಸುವ ಲೆಕ್ಕ ಅವಳಿಗೆ ಅನ್ಯಾಯ ಮಾಡುತ್ತದೆ. ರಾಬರ್ಟ್ ಸಗ್ಡೆನ್ 1986ರಲ್ಲಿ ಇದಕ್ಕಿಂತ ಸೂಕ್ಷ್ಮವಾದ ಲೆಕ್ಕವನ್ನು ಸೂಚಿಸಿದ್ದರು: ಸಕಾರಣವಾಗಿ ಸಹಾಯ ನಿರಾಕರಿಸಿದವನ ಹೆಸರು ಕೆಡಬಾರದು. 2001ರಲ್ಲಿ ಲೈಮಾರ್ ಮತ್ತು ಹ್ಯಾಮರ್‌ಸ್ಟೈನ್ ಎಂಬುವರು ಗಣಕಯಂತ್ರದಲ್ಲಿ ಎರಡನ್ನೂ ಹೋಲಿಸಿದಾಗ, ಕಾರಣವನ್ನು ವಿಚಾರಿಸುವ ಲೆಕ್ಕವೇ ಮೇಲೆಂದು ಕಂಡುಬಂದಿತು. ಆದುದರಿಂದ ಒಳ್ಳೆಯ ವ್ಯವಸ್ಥಾಪಕನು ಆ ರಾತ್ರಿಯೇ “ಅವಳ ತಪ್ಪಿಲ್ಲ, ಮಗುವಿಗೆ ಕಾಯಿಲೆ” ಎಂದು ನಾಲ್ಕು ಜನರ ಮುಂದೆ ಹೇಳುತ್ತಾನೆ. ತನ್ನ ಹೆಸರನ್ನು ಕಾಯುವುದು ಅರ್ಧ ಕೆಲಸ. ತನ್ನನ್ನು ನಂಬಿದವರ ಹೆಸರನ್ನು ಕಾಯುವುದು ಉಳಿದರ್ಧ.

ಇಂಥ ವೃತ್ತಿ ನಮ್ಮ ಸೀಮೆಗೆ ಮೀಸಲಾದುದಲ್ಲ. ನ್ಯೂಯಾರ್ಕಿನಂಥ ನಗರಗಳಲ್ಲಿ ರಾತ್ರಿಯ ಕ್ಲಬ್ಬುಗಳಿಗೆ ಜನರನ್ನು ಕರೆತರುವುದೇ ವೃತ್ತಿಯಾಗಿರುವ ಪ್ರಚಾರಕರಿದ್ದಾರೆ. ಅವರೊಡನೆ ಓಡಾಡಿ ಅಧ್ಯಯನ ಮಾಡಿದ ಆಶ್ಲಿ ಮಿಯರ್ಸ್ ಎಂಬ ಸಮಾಜಶಾಸ್ತ್ರಜ್ಞೆ 2020ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಸುಂದರ ತರುಣಿಯರನ್ನು ಕರೆತಂದುದಕ್ಕೆ ಪ್ರಚಾರಕನಿಗೆ ಹಣ ಸಲ್ಲುತ್ತದೆ. ತರುಣಿಯರಿಗೆ ಸಾಮಾನ್ಯವಾಗಿ ದೊರೆಯುವುದು ಊಟ, ಪಾನೀಯ ಮತ್ತು ‘ಸ್ನೇಹ’. ವ್ಯಾಪಾರವು ಸ್ನೇಹದ ವೇಷ ತೊಟ್ಟಾಗ ಯಾರ ಪಾಲು ಎಷ್ಟೆಂದು ಕೇಳುವುದೇ ಒರಟುತನವೆನಿಸಿಬಿಡುತ್ತದೆ. ನಮ್ಮಲ್ಲಿ ‘ಅಕ್ಕ, ಅಣ್ಣ’ ಎಂಬ ಮಾತು ಎಷ್ಟೇ ಸಿಹಿಯಾಗಿರಲಿ, ಹಣದ ಮಾತು ಮೊದಲೇ ಸ್ಪಷ್ಟವಾಗಿರಬೇಕು.

ಹೆಸರಿನ ಮೇಲೆ ದೇಹವೂ ಪರಿಣಾಮ ಬೀರುತ್ತದೆ. ಕಣ್ಣಿನ ನರಗಳೆರಡೂ ಒಂದನ್ನೊಂದು ಹಾಯುವ ಸ್ಥಳದ ಮೇಲ್ಗಡೆ, ಸುಮಾರು 20,000 ನರಕೋಶಗಳ ಪುಟ್ಟ ಗಡಿಯಾರವೊಂದು ನಮ್ಮ ಮೆದುಳಿನಲ್ಲಿದೆ. ಇಂಥ ಜೈವಿಕ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪಾರಿತೋಷಕ ಸಂದಿತು. ರಾತ್ರಿಯೆಲ್ಲ ಎಚ್ಚರವಿದ್ದರೂ ಈ ಗಡಿಯಾರ ತನ್ನ ಹಾದಿ ಬಿಡದು. 1997ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗದಂತೆ, 17 ಗಂಟೆ ಸತತವಾಗಿ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವನ ಚುರುಕಿಗೆ ಇಳಿಯುತ್ತದೆ. ನಿದ್ರೆಗೆಟ್ಟವರು ಜನರಿಂದ ದೂರ ಸರಿಯಬಯಸುತ್ತಾರೆಂದೂ, ಅವರನ್ನು ಕಂಡವರಿಗೂ ಒಂಟಿತನದ ಭಾವ ಅಂಟುತ್ತದೆಂದೂ 2018ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ವರದಿ ಮಾಡಿದರು. ಬೆಳಗಿನ ಜಾವದಲ್ಲಿ ಲೆಕ್ಕ ಚುಕ್ತ ಮಾಡಹೊರಟಾಗ ಜಗಳಗಳು ಏಳುವುದಕ್ಕೆ ಇದೂ ಒಂದು ಕಾರಣವಿರಬಹುದು. ಲೆಕ್ಕವನ್ನು ಪರದೆ ಏಳುವ ಮುನ್ನವೇ ಬರೆದಿಡುವುದೂ, ಕಲಾವಿದರನ್ನು ಮನೆಗೆ ಮುಟ್ಟಿಸುವ ಕಾರಿಗೆ ರಾತ್ರಿ ಮಲಗಿ ಎದ್ದ ಚಾಲಕನನ್ನೇ ಗೊತ್ತುಮಾಡುವುದೂ ಜಾಣತನ.

ನಾಟಕ ನೋಡಬಾರದವರೂ ಊರಿನಲ್ಲಿರುತ್ತಾರೆಂಬುದನ್ನು ಮರೆಯಲಾಗದು: ಪರೀಕ್ಷೆಗೆ ಓದುವ ಹುಡುಗಿ, ಹಾಸಿಗೆ ಹಿಡಿದ ಅಜ್ಜ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಹರಿದಿನಗಳಲ್ಲಿ, ವರ್ಷಕ್ಕೆ 15 ದಿನಗಳನ್ನು ಮೀರದಂತೆ, ರಾಜ್ಯ ಸರ್ಕಾರ 12 ಗಂಟೆಯವರೆಗೆ ಸಡಿಲಿಸಬಹುದು. ಇರುಳೆಲ್ಲ ನಡೆಯುವ ಹಳೆಯ ಪದ್ಧತಿಗೂ ಈ ನಿಯಮಕ್ಕೂ ನೇರವಾದ ತಿಕ್ಕಾಟವಿದೆ. ವ್ಯವಸ್ಥಾಪಕನ ಹೆಸರನ್ನು ನಿರ್ಧರಿಸುವವರು ಪ್ರೇಕ್ಷಕರು ಮಾತ್ರವಲ್ಲ, ನೆರೆಹೊರೆಯವರೂ ಹೌದು.

ಹೆಸರಿಗೂ ಒಂದು ಎಲ್ಲೆಯುಂಟು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ದೂರದೂರದ ರೈತರು ಗೂಡು ತರುತ್ತಾರೆ. ಕೊಳ್ಳುವ ನೂಲು ಬಿಚ್ಚಾಣಿಕೆದಾರನ ಗುಣಾವಗುಣಗಳನ್ನು ಅವರು ವಿಚಾರಿಸುವುದೆಲ್ಲಿ? ಹೆಸರು ತಲುಪದ ಕಡೆ ಕಾನೂನು ಬೇಕಾಗುತ್ತದೆ. 1959ರ ಕಾಯಿದೆಯ ಮೇರೆಗೆ ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಬಂದುದು ಇದಕ್ಕೆ ನಿದರ್ಶನ. ನಾಟಕದ ವ್ಯವಹಾರದಲ್ಲಿ ಅಂಥ ಮಾರುಕಟ್ಟೆಯಿಲ್ಲ; ಇರುವುದು ಬಾಯಿಮಾತು ಮಾತ್ರ. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಬೆಳಕು ಹರಿಯಿತು. ದುರ್ಯೋಧನ ಬಿದ್ದ, ಮಂಗಳ ಹಾಡಿದರು. ನಮ್ಮ ವ್ಯವಸ್ಥಾಪಕನು ಸೀನರಿಯವನು ಕಾಯುತ್ತಿದ್ದರೂ ಮೊದಲು ಆ ನಟಿಯ ಕೈಗೆ ಹಣವಿಟ್ಟು, “ಎಣಿಸಿಕೊಳ್ಳಕ್ಕ” ಎಂದು ಹೇಳಿ, ಕಾರು ಹತ್ತಿಸುತ್ತಾನೆ. ಆಕೆ ಇದನ್ನು ಇನ್ನು ಯಾರಿಗೆ ಹೇಳುವಳೋ, ಅದು ಮಾಗಡಿಗೆ ಯಾವಾಗ ಮುಟ್ಟುವುದೋ ಅವನರಿಯನು. ಓದುವ ತರುಣರಾದ ನೀವೂ ಇಂದು ಕೈಯಲ್ಲಿ ಹಿಡಿದ ದೂರವಾಣಿಯಿಂದ ಒಬ್ಬರ ಹೆಸರನ್ನು ಕ್ಷಣದಲ್ಲಿ ನೂರು ಮನೆಗೆ ಮುಟ್ಟಿಸಬಲ್ಲಿರಿ. ಮುಟ್ಟಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಆಕೆ ಬಾರದಿದ್ದುದಕ್ಕೆ ಕಾರಣವೇನೆಂದು ಯಾರಾದರೂ ವಿಚಾರಿಸಿದರೆ?