ತಿರುಗದ ತಟ್ಟೆ

ಕಲಾ ಕಾಲೇಜಿನ ಸಂಚಿಕೆಗೆ ಕಂಪ್ಯೂಟರಿನ ವಿಷಯವೇಕೆಂದು ಮಿತ್ರರು ಕೇಳಬಹುದು. ಕಳೆದ ವರ್ಷ ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಮೂರು ಹಳ್ಳಿಗಳ ಮನೆಮನೆಗೆ ಹೋಗಿ ಸಾಲದ ಲೆಕ್ಕ ಬರೆದುಕೊಂಡು, ಸಾಲಪತ್ರಗಳ ಚಿತ್ರ ತೆಗೆದುಕೊಂಡು ಬಂದೆವಷ್ಟೆ. ಅವನ್ನು ಕಂಪ್ಯೂಟರಿಗೆ ಏರಿಸುವ ಭಾರ ನನ್ನ ಪಾಲಿಗೆ ಬಂದಿತು.

ಈಗಿನ ತಂತ್ರಾಂಶಗಳನ್ನು ಕಂಟೈನರ್ ಎಂಬ ಪೆಟ್ಟಿಗೆಗಳಲ್ಲಿಟ್ಟು ನಡೆಸುವುದು ರೂಢಿ. ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕುಬರ್ನೆಟಿಸ್ ಎಂಬ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆ 2014ರಲ್ಲಿ ಹೊರತಂದಿತು; ಗ್ರೀಕಿನಲ್ಲಿ ಆ ಹೆಸರಿಗೆ ಚುಕ್ಕಾಣಿ ಹಿಡಿಯುವವನೆಂದು ಅರ್ಥ. ಕೆಟ್ಟ ಪೆಟ್ಟಿಗೆಯನ್ನು ಎಸೆದು ಹೊಸದನ್ನಿಡುವುದು ಅದರ ಕ್ರಮ. ಒಳಗೆ ಬರೆದದ್ದೂ ಅದರೊಡನೆಯೇ ಹೋಗುತ್ತದೆ. ಆದುದರಿಂದ ಉಳಿಯಬೇಕಾದುದನ್ನು ಹೊರಗಿನ ಡಿಸ್ಕಿನಲ್ಲಿಡಬೇಕು. ಇಷ್ಟು ಜಾಗ, ಇಂಥ ದರ್ಜೆಯದು ಬೇಕೆಂದು ಬೇಡಿಕೆಪತ್ರ ಬರೆದುಕೊಟ್ಟರೆ ವ್ಯವಸ್ಥೆಯೇ ಡಿಸ್ಕನ್ನು ಒದಗಿಸುತ್ತದೆ. ಈ ದರ್ಜೆಗೆ ‘ಸ್ಟೋರೇಜ್ ಕ್ಲಾಸ್’ ಎಂದು ಹೆಸರು.

ಅಗ್ಗವೆಂದು ನಾನು ತಿರುಗುವ ಡಿಸ್ಕಿನ ದರ್ಜೆಯನ್ನು ಕೇಳಿದೆ. ಅದರಲ್ಲಿ ತಟ್ಟೆಯ ಮೇಲೆ ಗ್ರಾಮಫೋನಿನ ಮುಳ್ಳಿನಂತೆ ಓದುವ ಕೈಯೊಂದಿರುತ್ತದೆ (ತಟ್ಟೆಯನ್ನು ಮುಟ್ಟುವುದಿಲ್ಲವೆಂಬುದೇ ಭೇದ). ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸೆಕೆಂಡಿನ 120ನೆಯ ಒಂದು ಪಾಲು ಹಿಡಿಯುತ್ತದೆ. ಬೇಕಾದ ಬರಹ ಕೈಯಡಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಕೈ ಸರಿಯಲು ಇನ್ನಷ್ಟು ಹೊತ್ತು. ಹೀಗಾಗಿ ಚದುರಿದ ಬರಹವನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಓದಿದರೆ ಹೆಚ್ಚು. ಸಾವಿರಾರು ಸಣ್ಣ ಕಡತಗಳಲ್ಲಿ ಒಬ್ಬ ಸಾಲಗಾರನನ್ನು ಹುಡುಕುವುದೆಂದರೆ ಇಂಥ ಓದೇ. ಎಸ್.ಎಸ್.ಡಿ.ಯಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಚಿಪ್‌ಗಳಲ್ಲಿ ವಿದ್ಯುದಂಶವಾಗಿ ಕುಳಿತ ಬರಹವನ್ನು ಸೆಕೆಂಡಿಗೆ ಸಾವಿರಾರು ಸಲ ಓದಬಹುದು.

ನಿಧಾನವನ್ನು ಸಹಿಸದೆ ವೇಗದ ದರ್ಜೆಗೆ ಬದಲಾಯಿಸಹೊರಟೆ. ಡಿಸ್ಕು ಸಿಕ್ಕಿದ ಮೇಲೆ ಬೇಡಿಕೆಪತ್ರದಲ್ಲಿ ದರ್ಜೆಯನ್ನು ತಿದ್ದಲು ಬಾರದು. ಹೊಸ ಪತ್ರ ಬರೆದು, ಹೊಸ ಡಿಸ್ಕು ಪಡೆದು, ಹಳೆಯದರಿಂದ ನಕಲು ಮಾಡಿಕೊಳ್ಳಬೇಕು. ನಕಲು ಮುಗಿಯಿತೆಂದು ಭಾವಿಸಿ ಹಳೆಯ ಪತ್ರವನ್ನು ಅಳಿಸಿದೆ. ದರ್ಜೆಯಲ್ಲಿ ಬೇರೆ ಹೇಳದಿದ್ದರೆ, ಹೀಗೆ ಒದಗಿಸಿದ ಡಿಸ್ಕು ಪತ್ರದೊಡನೆಯೇ ಅಳಿಯತಕ್ಕದ್ದೆಂಬುದು ನಿಯಮ! ‘ಉಳಿಸು’ ಎಂದು ಮೊದಲೇ ಗೊತ್ತುಮಾಡಿರಬೇಕಾಗಿತ್ತು. ನೋಡಿದರೆ, ನಕಲಾಗಿದ್ದುದು ಎರಡೇ ಹಳ್ಳಿ.

ಪುಣ್ಯಕ್ಕೆ ಸಹಪಾಠಿಯೊಬ್ಬಳು ಟಿಪ್ಪಣಿ ಪುಸ್ತಕಗಳನ್ನು ರದ್ದಿಗೆ ಹಾಕಿರಲಿಲ್ಲ. ಅವಳು ಓದಿದಳು, ನಾನು ಬರೆದೆ. ಒಂಬತ್ತು ಸಂಜೆ ಹಿಡಿಯಿತು. ಈಗ ಹೆಸರು ಕೇಳಿದರೆ ರೆಪ್ಪೆ ಬಡಿಯುವುದರೊಳಗೆ ಬರುತ್ತದೆ. ಮೂರನೆಯ ಹಳ್ಳಿಯ ಸಾಲಪತ್ರಗಳ ಚಿತ್ರಗಳು ಮಾತ್ರ ಹೋದವು. ಮೊದಲ ಸಲವೇ ಅವರು ಹಿಂಜರಿಯುತ್ತಲೇ ಪೆಟಾರಿ ತೆರೆದು ಅವನ್ನು ತೋರಿಸಿದ್ದರು; ಮತ್ತೆ ಹೋಗಿ ಕೇಳಲು ನನಗೆ ಮುಖವಿಲ್ಲ.