ಪ್ರಾಣವಾಯುವಿಗೂ ಕಾವಲು ಬೇಕು

2021ರ ಏಪ್ರಿಲ್ 21ರಂದು ನಾಸಿಕದ ಡಾ. ಜಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕದ ತೊಟ್ಟಿಯು ಸೋರಿ ಪೂರೈಕೆಗೆ ಅಡ್ಡಿಯಾದಾಗ ಅಂದೇ 22 ಮಂದಿ ರೋಗಿಗಳು ಅಸುನೀಗಿದರು. ಅಲ್ಲಿ ಸೋರಿಕೆಯು ಪ್ರಾಣವಾಯುವಿನ ಅಭಾವದಿಂದ ಕೊಂದಿತು. ಮುಚ್ಚಿದ ಸಣ್ಣ ಜಾಗದಲ್ಲಾದರೋ ಅದೇ ಸೋರಿಕೆಯು ಪ್ರಾಣವಾಯುವಿನ ಆಧಿಕ್ಯದಿಂದಲೂ ಕೊಲ್ಲಬಲ್ಲದು. ಈ ಎರಡನೆಯ ಅಪಾಯವನ್ನು ಅರಿತವರು ವಿರಳ.

ನಾಸಿಕದ ಓಝರ್‌ನಲ್ಲಾಗಲಿ, 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಾಗಲಿ, ರೋಗಿಯನ್ನು ಕರೆತಂದ ಸಣ್ಣ ವಿಮಾನವೊಂದು ಮೇ ತಿಂಗಳ ಬಿಸಿಲಿನಲ್ಲಿ ನಿಂತಿದೆಯೆಂದು ಭಾವಿಸಬಹುದು. ಒಳಗೆ ಕೈಯಲ್ಲಿ ಒಯ್ಯಬಹುದಾದ ಆಮ್ಲಜನಕದ ಸಿಲಿಂಡರ್ ಇದೆ. ಕಾವಿಗೆ ಅದು ಸಿಡಿದೀತೆಂಬುದೇ ಎಲ್ಲರ ಭೀತಿ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 150 ಬಾರ್ ಇರುವ ಒತ್ತಡವು 67 ಡಿಗ್ರಿಗೆ ಏರಿದರೂ ಸುಮಾರು 170 ಬಾರ್ ಆಗುತ್ತದೆ. ಸುಸ್ಥಿತಿಯ ಸಿಲಿಂಡರನ್ನು ಇದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿರುತ್ತಾರೆ.

ನಿಜವಾದ ವೈರಿ ಸೋರುವ ಕವಾಟ. 2.7 ಲೀಟರ್ ಗಾತ್ರದ ಸಿಲಿಂಡರಿನಲ್ಲಿ ಈ ಒತ್ತಡದಲ್ಲಿ ಸುಮಾರು 400 ಲೀಟರ್ ಅನಿಲ ಅಡಗಿರುತ್ತದೆ. 4000 ಲೀಟರ್ ಒಳಜಾಗದ ವಿಮಾನದಲ್ಲಿ ಅದೆಲ್ಲವೂ ಸೋರಿ ಅಲ್ಲೇ ಉಳಿದರೆ, ಶೇಕಡಾ 21ರಷ್ಟಿದ್ದ ಆಮ್ಲಜನಕವು ಸುಮಾರು 28ಕ್ಕೆ ಏರುತ್ತದೆ. ಶೇಕಡಾ 23ನ್ನು ದಾಟಿದರೇ ಬೆಂಕಿಯ ಭಯ ಹೆಚ್ಚು. ಆಮ್ಲಜನಕವು ತಾನು ಉರಿಯದು, ಉರಿಯುವುದನ್ನು ಉಗ್ರಗೊಳಿಸುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

2011ರ ಜುಲೈ 29ರಂದು ಕೈರೋ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 777 ವಿಮಾನದ ಚಾಲಕರ ಕೋಣೆಯು ಹೊತ್ತಿ ಉರಿಯಿತು. ವಿದ್ಯುತ್ ದೋಷದಿಂದ ಆಮ್ಲಜನಕದ ಕೊಳವೆಯು ಕಾದದ್ದೇ ಸಂಭವನೀಯ ಕಾರಣವೆಂದು ತನಿಖೆಯು ಹೇಳಿತು. ಪ್ರಾಣಹಾನಿಯಾಗಲಿಲ್ಲ. ನಿಂತ ವಿಮಾನವು ನಿರಪಾಯವೆಂಬ ನಂಬಿಕೆ ಮಾತ್ರ ಸುಳ್ಳಾಯಿತು.

ಆದುದರಿಂದ ವಿಮಾನವು ಬಹುಕಾಲ ನಿಲ್ಲುವುದಾದರೆ ಸಿಲಿಂಡರನ್ನು ಹೊರತೆಗೆದು, ಗಾಳಿಯಾಡುವ ನೆರಳಿನ ಕೋಣೆಯಲ್ಲಿ ಉರುಳದಂತೆ ಕಟ್ಟಿಡುವುದೇ ಉತ್ತಮ. ಇಂಧನ, ಎಣ್ಣೆ, ಗ್ರೀಸ್‌ಗಳಿಂದ ಅದು ದೂರವಿರಬೇಕು. ಕವಾಟವನ್ನು ಭದ್ರವಾಗಿ ಮುಚ್ಚಿ, ಒತ್ತಡದ ಮಾಪಕದ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮರಳಿ ನೋಡಿದಾಗ ಅದೇ ಉಷ್ಣತೆಯಲ್ಲಿ ಅಂಕಿ ಇಳಿದಿದ್ದರೆ ಅದು ಸೋರಿಕೆಯ ಸೂಚನೆ. ಸಿಲಿಂಡರಿನ ಮೇಲೆ ಅಚ್ಚಾದ ಪರೀಕ್ಷೆಯ ತಾರೀಖನ್ನೂ ಗಮನಿಸತಕ್ಕದ್ದು.

ವಿಮಾನವುಳ್ಳವರು ನಮ್ಮಲ್ಲಿ ಎಷ್ಟು ಮಂದಿ ಎಂದು ವಾಚಕರು ಕೇಳಬಹುದು. ಉಸಿರಾಟದ ಕಾಯಿಲೆಯ ಹಿರಿಯರನ್ನು ತ್ರ್ಯಂಬಕೇಶ್ವರಕ್ಕೋ ಎಲ್ಲೋರಕ್ಕೋ ಕಾರಿನಲ್ಲಿ ಕರೆದೊಯ್ಯುವ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾರಿನ ಒಳಜಾಗವಂತೂ ವಿಮಾನಕ್ಕಿಂತ ಕಿರಿದು. ದೇವರ ದರ್ಶನಕ್ಕೆ ಇಳಿಯುವಾಗ ಸಿಲಿಂಡರನ್ನು ಗಾಜು ಮುಚ್ಚಿದ ಕಾರಿನಲ್ಲಿ ಬಿಟ್ಟುಹೋಗಬಾರದು. ಕಾರಿನೊಳಗಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದೂ, ಬೀಡಿ ಸಿಗರೇಟು ಸೇದುವುದೂ ಸಲ್ಲದು. ಎಣ್ಣೆ ಹಚ್ಚಿದ ಕೈಯಿಂದ ಕವಾಟವನ್ನು ಮುಟ್ಟಕೂಡದು. ಬಿಗಿಯಾದ ಕವಾಟಕ್ಕೆ ಕೊಬ್ಬರಿ ಎಣ್ಣೆಯ ಒಂದು ತೊಟ್ಟೂ ಅಪಾಯಕರ.

ಸೋರಿದ ಸಂದೇಹ ಬಂದರೆ ಯಾವ ಸ್ವಿಚ್ಚನ್ನೂ ಒತ್ತದೆ, ಎಲ್ಲ ಬಾಗಿಲುಗಳನ್ನೂ ತೆರೆದು, ಜನರನ್ನು ಹೊರಗಿಳಿಸಿ ಗಾಳಿಯಾಡಲು ಬಿಡಬೇಕು. ಉಡುಪಿನಲ್ಲಿಯೂ ಆಮ್ಲಜನಕವು ಸೇರಿಕೊಂಡಿರುತ್ತದೆ. ಕಾಲು ಗಂಟೆಯಾದರೂ ಬಯಲಿನಲ್ಲಿದ್ದು ಆಮೇಲೆಯೇ ಒಲೆ ದೀಪಗಳ ಸಮೀಪಕ್ಕೆ ಹೋಗತಕ್ಕದ್ದು. ಉಸಿರು ಉಳಿಸಲೆಂದು ತಂದ ವಸ್ತುವಿಗೆ ಇಷ್ಟು ಕಾವಲು ಹೆಚ್ಚೇನಲ್ಲ.