ಸೂಸನ್ ಹೆಸರಿನೊಳಗಿನ ಹೂವು ಯಾವುದು?

ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಶೋಶಾಮ್ಮ, ಸೋಸಮ್ಮ ಎಂಬ ಅಜ್ಜಿಯರಿರುತ್ತಾರೆ. ಅದೇ ಹೆಸರು ಫ್ರಾನ್ಸಿನಲ್ಲಿ ಸುಝಾನ್, ಹಂಗೆರಿಯಲ್ಲಿ ಝುಝಾನ್ನಾ. ಫಿನ್ಲೆಂಡಿನವರು ತಲೆಯನ್ನೇ ಕತ್ತರಿಸಿ ಸಾನ್ನಾ ಎಂದೂ ಕರೆಯುತ್ತಾರೆ. 1950ರ ದಶಕದ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಮೊದಲ ಹತ್ತು ಹೆಸರುಗಳಲ್ಲಿ ಸೂಸನ್ ಕೂಡ ಇತ್ತು.

ಮೂಲ ಹುಡುಕಿದರೆ ನೈಲ್ ನದಿಯ ದಡಕ್ಕೆ ಬರುತ್ತೇವೆ. ಪ್ರಾಚೀನ ಈಜಿಪ್ಟಿನವರು ನೀರಿನ ಹೂವೊಂದಕ್ಕೆ 'ಸ್-ಶ್-ನ್' ಎಂದು ಬರೆದರು. ಅವರ ಲಿಪಿಯಲ್ಲಿ ಸ್ವರಗಳಿಲ್ಲ. ಆ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್‌ನಲ್ಲಿ ಅದು 'ಶೋಶೆನ್' ಆಗಿ ಉಳಿದಿದ್ದರಿಂದ ಉಚ್ಚಾರಣೆಯ ಅಂದಾಜು ಸಿಕ್ಕಿತು. ಈಜಿಪ್ಟಿನ ಆ ಹಳೆಯ ಪದವೇ ಹೀಬ್ರೂವಿಗೆ ಹೋಗಿ ಶೋಶನ್ನಾ ಆಯಿತು. ಗ್ರೀಕರಿಗೆ 'ಶ' ಧ್ವನಿಯೇ ಇರಲಿಲ್ಲ. ಅವರ ಬಾಯಲ್ಲಿ ಸೂಸನ್ನಾ. ಯುರೋಪಿನ ರೂಪಗಳೆಲ್ಲ ಬಹುಪಾಲು ಈ ಗ್ರೀಕ್ ಕವಲಿನವು. ಸಿರಿಯಾಕ್ ಮೂಲಕ ಬಂದ ನಮ್ಮ ನೆರೆಯ ಶೋಶಾಮ್ಮ ಮಾತ್ರ ಹಳೆಯ 'ಶ'ವನ್ನು ಬಿಟ್ಟಿಲ್ಲ.

ಧ್ವನಿ ಇಷ್ಟು ಗಟ್ಟಿಯಾಗಿ ಉಳಿದರೂ ಹೂವು ಮಾತ್ರ ಬದಲಾಗುತ್ತಲೇ ಹೋಯಿತು. ಈಜಿಪ್ಟಿನ ಹೂವನ್ನು ಪುಸ್ತಕಗಳು 'ಕಮಲ' ಎನ್ನುವುದುಂಟು. ನನಗದು ಸರಿಕಾಣದು. ಗೋಡೆಚಿತ್ರಗಳಲ್ಲಿ ಕಾಣುವುದು ನೀಲಿ ಮತ್ತು ಬಿಳಿ ನೈದಿಲೆ. ನೈದಿಲೆಯ ಎಲೆಗೆ ಅಂಚಿನಿಂದ ತೊಟ್ಟಿನವರೆಗೆ ಸೀಳಿರುತ್ತದೆ, ಅದು ನೀರಿನ ಮೇಲೆ ಮಲಗಿರುತ್ತದೆ. ತಾವರೆ ಎಲೆಗೆ ಸೀಳಿಲ್ಲ, ಬಲಿತ ಮೇಲೆ ನೀರಿನಿಂದ ಎದ್ದು ನಿಲ್ಲುತ್ತದೆ. ಒಂದೇ ಕೆರೆಯಲ್ಲಿ ಬೆಳೆದರೂ ಇವು ದಾಯಾದಿಗಳೂ ಅಲ್ಲ. ನೈದಿಲೆಯದು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಹಳ ಮೊದಲೇ ಬೇರೆಯಾದ ಕವಲು. ಡಿಎನ್‌ಎ ಪ್ರಕಾರ ತಾವರೆಯ ಹತ್ತಿರದ ನೆಂಟ ನೆಲದ ಮೇಲಿನ ಪ್ಲೇನ್ ಮರ!

ಹೀಬ್ರೂವಿನಲ್ಲಿ ಈ ಪದ ಲಿಲ್ಲಿ ಹೂವಿಗೆ ಅಂಟಿಕೊಂಡಿತು, ಆಡುಮಾತಿನಲ್ಲಿ ಗುಲಾಬಿಗೂ. ಅರಬ್ಬಿಯ ಸೌಸನ್ ಎಂದರೆ ಲಿಲ್ಲಿ ಅಥವಾ ಐರಿಸ್. ಅದೂ ಹುಡುಗಿಯರ ಹೆಸರೇ. ಅರಬ್ಬರು ಆಳಿದ ಸ್ಪೇನಿನಲ್ಲಿ ಅದಕ್ಕೆ ಅರಬ್ಬಿ ಉಪಪದ 'ಅಲ್' ಸೇರಿ, 'ಅಸ್' ಆಗಿ, ಕೊನೆಗೆ 'ಅಸುಸೆನಾ' ಎಂಬ ಪದ ಹುಟ್ಟಿತು. ಅರ್ಥ ಬಿಳಿ ಲಿಲ್ಲಿ. 1853ರ ವರ್ದಿಯ 'ಇಲ್ ತ್ರೊವಾತೊರೆ' ಸಂಗೀತ ನಾಟಕದ ಜಿಪ್ಸಿ ಹೆಂಗಸಿನ ಹೆಸರು ಇದೇ. ಹಾಗಾಗಿ ಸ್ಪೇನಿನ ಒಂದೇ ತರಗತಿಯಲ್ಲಿ ಬೈಬಲ್ ದಾರಿಯಿಂದ ಬಂದ ಸುಸಾನಾ, ಅರಬ್ಬಿ ದಾರಿಯಿಂದ ಬಂದ ಅಸುಸೆನಾ ಅಕ್ಕಪಕ್ಕ ಕುಳಿತಿರಬಹುದು, ತಮ್ಮ ಹೆಸರುಗಳು ಸೋದರಿಯರೆಂಬ ಸುಳಿವಿಲ್ಲದೆ.